ಒಂದೇ ಹಿತ್ತಲಲ್ಲಿ ಕೋಳಿ ಮತ್ತು ಬಾತು: ಹಾಸನ, ಚಿಕ್ಕಮಗಳೂರಿನ ಸಣ್ಣ ಹಿಡುವಳಿದಾರರಿಗೆ ಮಾರ್ಗದರ್ಶಿ

ಬಾತುಕೋಳಿ ಸಾಕಬೇಕಾದರೆ ಮನೆಯ ಹತ್ತಿರ ಕೆರೆಯೋ ಹೊಂಡವೋ ಇರಲೇಬೇಕು ಎಂಬ ನಂಬಿಕೆಯಿಂದ ಹಲವರು ಅದರ ಗೊಡವೆಗೇ ಹೋಗುವುದಿಲ್ಲ. ಹೋದವರಲ್ಲಿ ಕೆಲವರು ಇದ್ದ ಕೋಳಿಗೂಡಿಗೇ ನಾಲ್ಕು ಬಾತುಗಳನ್ನು ಸೇರಿಸಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೋಳಿಗಳಿಗೆ ರೋಗ ಹತ್ತಿಸಿಕೊಂಡು, ಇವೆರಡೂ ಹೊಂದಿಕೊಳ್ಳುವುದಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಎರಡೂ ಮಾತು ಸರಿಯಲ್ಲ. ಹಗಲಿನಲ್ಲಿ ಒಂದೇ ಅಂಗಳದಲ್ಲಿ ಮೇಯಲು ಕೋಳಿಗೂ ಬಾತಿಗೂ ಯಾವ ತಕರಾರೂ ಇಲ್ಲ. ಆದರೆ ಕುಡಿಯುವ ನೀರು ಮತ್ತು ಮಲಗುವ ಜಾಗ, ಈ ಎರಡನ್ನು ಮಾತ್ರ ಹಂಚಿಕೊಳ್ಳಲು ಬಿಡಬಾರದು. ಮುಂದೆ ಹೇಳುವ ವ್ಯವಸ್ಥೆಯೆಲ್ಲ ಬಹುತೇಕ ಈ ಒಂದು ನಿಯಮದ ವಿಸ್ತರಣೆಯೇ ಆಗಿದೆ.

ಇದಕ್ಕೆ ಕಾರಣ ಹಕ್ಕಿಗಳ ಸ್ವಭಾವದಲ್ಲಿದೆ. ಬಾತಿನ ಹಿಕ್ಕೆ ನೀರು ನೀರಾಗಿರುತ್ತದೆ. ಅದು ಒಂದು ತುತ್ತು ತಿಂದು, ಓಡಿಹೋಗಿ ನೀರಿನಲ್ಲಿ ಕೊಕ್ಕು ಅದ್ದಿ, ಮತ್ತೆ ಮೇವಿನ ತಟ್ಟೆಗೆ ಬರುತ್ತದೆ, ಹೀಗೆ ಬರುವಾಗ ದಾರಿಯುದ್ದಕ್ಕೂ ನೀರು ಚೆಲ್ಲುತ್ತದೆ. ಕೋಳಿಯಾದರೋ ಒಣ ನೆಲದ ಜೀವಿ. ಅದರ ಹಾಸು ಒದ್ದೆಯಾದರೆ ಹಿಕ್ಕೆಯಿಂದ ಅಮೋನಿಯಾ ಎದ್ದು ಕಣ್ಣು ಮತ್ತು ಶ್ವಾಸನಾಳ ಕೆಡುತ್ತವೆ. ಅದಕ್ಕಿಂತ ಹೆಚ್ಚಾಗಿ, ಕಾಕ್ಸಿಡಿಯಾ ಎಂಬ ಪರೋಪಜೀವಿಯ ತತ್ತಿಗಳು ಒದ್ದೆ ಹಾಸಿನಲ್ಲಿ ಬಲಿತು ಪಿಳ್ಳೆಗಳಿಗೆ ರಕ್ತಭೇದಿ ತರುತ್ತವೆ. ಬಾತಿನಿಂದ ಕೋಳಿಗೆ ಈ ರೋಗ ಹರಡುವುದಿಲ್ಲ, ಏಕೆಂದರೆ ಕೋಳಿಯ ಕಾಕ್ಸಿಡಿಯಾ ಬೇರೆ, ಬಾತಿನದು ಬೇರೆ. ಕೋಳಿಯಲ್ಲೇ ಇರುವ ರೋಗಕ್ಕೆ ಬೇಕಾದ ತೇವವನ್ನು ಬಾತು ಒದಗಿಸುತ್ತದೆ, ಅಷ್ಟೆ.

ಆರಂಭಕ್ಕೆ ಸರಿಯಾದ ಕಾಲ

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗಿನ ಜಡಿಮಳೆಯಲ್ಲಿ ಮರಿಗಳನ್ನು ತರುವ ಯೋಚನೆಯನ್ನೇ ಮಾಡಬಾರದು. ಬಿಸಿಲಿಲ್ಲದೆ, ಹಾಸು ಒಣಗದೆ, ಕರೆಂಟು ನೆಚ್ಚಿಕೊಳ್ಳಲಾಗದ ಆ ತಿಂಗಳುಗಳಲ್ಲಿ ಮರಿಗಳಿಗೆ ಶಾಖ ಕೊಡುವುದು ದೊಡ್ಡ ಪೇಚಾಟ. ಅಕ್ಟೋಬರ್ ಹೊತ್ತಿಗೆ ಮರಿ ತಂದರೆ ಚಳಿ ಬಲಿಯುವಷ್ಟರಲ್ಲಿ ಅವಕ್ಕೆ ಪುಕ್ಕ ಬಂದಿರುತ್ತದೆ, ಮುಂದಿನ ಮುಂಗಾರಿಗೆ ಅವು ಪೂರ್ತಿ ಬೆಳೆದಿರುತ್ತವೆ. ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದಂತಹ ಬಯಲುಸೀಮೆಯಲ್ಲಿ ಈ ಕಟ್ಟುಪಾಡಿಲ್ಲ. ಅಲ್ಲಿನ ಚಿಂತೆ ಏಪ್ರಿಲ್‌ನ ಬಿಸಿಲು ಮತ್ತು ನೀರಿನ ಕೊರತೆ.

ಮೊದಲ ವರ್ಷಕ್ಕೆ 10 ಹೇಂಟೆ, ಒಂದು ಹುಂಜ, 5 ಹೆಣ್ಣು ಬಾತು, ಒಂದು ಗಂಡು ಬಾತು ಸಾಕು. ಗಂಡು ಬಾತುಗಳ ಸಂಖ್ಯೆಯಲ್ಲಿ ಉದಾರತೆ ಕೂಡದು. ಹೆಣ್ಣು ಬಾತು ಸಾಲದೆ ಹೋದರೆ ಗಂಡು ಹೇಂಟೆಗಳ ಮೇಲೆ ಏರಿಹೋಗುತ್ತದೆ, ಮತ್ತು ಹುಂಜಕ್ಕಿಲ್ಲದ ಹೊರಚಾಚುವ ಜನನಾಂಗ ಗಂಡು ಬಾತಿಗಿರುವುದರಿಂದ ಹೇಂಟೆಗೆ ಒಳಗೆ ಗಾಯವಾಗಿ ಸಾಯುವುದೂ ಉಂಟು. ಒಂದು ಗಂಡಿಗೆ 5 ಅಥವಾ 6 ಹೆಣ್ಣಾದರೂ ಇರಬೇಕು. ಮರಿ ಮಾಡಿಸುವ ಇರಾದೆಯಿಲ್ಲದವರು ಗಂಡು ಬಾತನ್ನು ಸಾಕದಿದ್ದರೂ ಮೊಟ್ಟೆಗೇನೂ ಕೊರತೆಯಾಗದು.

ತಳಿಯ ಬಗ್ಗೆ: ಮೊಟ್ಟೆಗಾಗಿ ಖಾಕಿ ಕ್ಯಾಂಪ್‌ಬೆಲ್, ಮಾಂಸಕ್ಕಾಗಿ ವೈಟ್ ಪೆಕಿನ್ ಬಾತುಗಳು ಹೆಸರಾದವು. ಚೆನ್ನಾಗಿ ನೋಡಿಕೊಂಡ ಖಾಕಿ ಕ್ಯಾಂಪ್‌ಬೆಲ್ ವರ್ಷಕ್ಕೆ 250ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ಮರಿಗಳ ಲಭ್ಯತೆಯನ್ನು ವಿಚಾರಿಸಿ, ಮುಂಗಡ ಹೇಳಿಟ್ಟು ತರುವುದು ಸಂತೆಯಲ್ಲಿ ಕಂಡದ್ದನ್ನು ಕೊಳ್ಳುವುದಕ್ಕಿಂತ ಲೇಸು. ಕೋಳಿಗಳಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರಾ ಹೆಚ್ಚು ಮೊಟ್ಟೆ ಕೊಡುತ್ತವೆ ನಿಜ, ಆದರೆ ಅವು ಕಾವಿಗೆ ಕೂರುವುದಿಲ್ಲ, ತೂಕದ ಮೈಯಿಂದಾಗಿ ಮುಂಗುಸಿಯಿಂದ ತಪ್ಪಿಸಿಕೊಳ್ಳುವುದರಲ್ಲೂ ನಿಧಾನ. ಗುಂಪಿನಲ್ಲಿ ಎರಡು ಮೂರಾದರೂ ನಾಟಿ ಹೇಂಟೆಗಳಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಕಾರಣ ಕಾವಿನ ವಿಷಯ ಬಂದಾಗ ತಿಳಿಯುತ್ತದೆ.

ಗೂಡು ಮತ್ತು ನೀರು

ರಾತ್ರಿಯ ಗೂಡಿನಲ್ಲಿ ಒಂದು ಕೋಳಿಗೆ 2 ಚದರಡಿ, ಒಂದು ಬಾತಿಗೆ 4 ಚದರಡಿ ಜಾಗವಿದ್ದರೆ ಸಾಕೆಂಬುದು ಸಾಮಾನ್ಯ ಲೆಕ್ಕ. ಮೇಲೆ ಹೇಳಿದ ಗುಂಪಿಗೆ ಇದರ ಪ್ರಕಾರ 50 ಚದರಡಿ ಸಾಲುತ್ತದೆ. ಮಲೆನಾಡಿನಲ್ಲಿ ಮಾತ್ರ ಇದನ್ನು ಇಮ್ಮಡಿ ಮಾಡಬೇಕು, ಏಕೆಂದರೆ ಪುನರ್ವಸು, ಪುಷ್ಯ ಮಳೆಗಳಲ್ಲಿ ಕೋಳಿಗಳು ದಿನವಿಡೀ ಒಳಗೇ ಉಳಿಯುವ ವಾರಗಳಿರುತ್ತವೆ. ಹಾಗಾಗಿ 12 ಅಡಿ ಉದ್ದ, 8 ಅಡಿ ಅಗಲದ ಒಂದು ಮಾಡನ್ನು ನಡುವೆ ಜಾಲರಿಯ ತಡಿಕೆ ಹಾಕಿ ಎರಡು ಭಾಗ ಮಾಡಿ, ಎರಡಕ್ಕೂ ಪ್ರತ್ಯೇಕ ಬಾಗಿಲು ಇಡುವುದು ಅನುಕೂಲ. ಮಾಡಿನ ಅಂಚು ಗೋಡೆಯಿಂದ 3 ಅಡಿಯಾದರೂ ಹೊರಗೆ ಚಾಚಿರಬೇಕು. ಗಾಳಿಮಳೆ ಬೀಸುವ ಪಶ್ಚಿಮದ ಕಡೆ ಗೋಡೆಯನ್ನು ಮುಚ್ಚಿ, ಪೂರ್ವದ ಕಡೆ ಬೆಳಕು ಬರಲು ಬಿಡಬೇಕು.

ನೆಲದ ಇಳಿಜಾರು ಯಾವ ಕಡೆಗೆ ಎಂಬುದನ್ನು ಮೊದಲೇ ನೋಡಿಕೊಂಡು, ಎತ್ತರದ ಭಾಗವನ್ನು ಕೋಳಿಗೂ ತಗ್ಗಿನ ಭಾಗವನ್ನು ಬಾತಿಗೂ ಕೊಡಬೇಕು. ಇದನ್ನು ತಿರುವುಮುರುವು ಮಾಡಿದರೆ ಎಷ್ಟು ಹೊಟ್ಟು ಸುರಿದರೂ ಕೋಳಿಯ ಕಡೆ ಒಣಗುವುದಿಲ್ಲ. ಕೋಳಿಯ ಭಾಗದಲ್ಲಿ ಭತ್ತದ ಹೊಟ್ಟು ಅಥವಾ ಒಣಗಿದ ಮರದ ಪುಡಿಯನ್ನು 4 ಅಂಗುಲ ದಪ್ಪಕ್ಕೆ ಹಾಸಿ, ವಾರಕ್ಕೊಮ್ಮೆ ಕೆದಕಿ, ಮಳೆಗಾಲದಲ್ಲಿ ಸ್ವಲ್ಪ ಸುಣ್ಣದ ಪುಡಿ ಬೆರೆಸಬೇಕು. ಕೂರಲು 2ರಿಂದ 3 ಅಡಿ ಎತ್ತರದಲ್ಲಿ ಅಡ್ಡಗೋಲುಗಳು ಬೇಕು. ಕಿತ್ತುಹಾಕಿದ ಹಳೆಯ ಕಾಫಿ ಗಿಡದ ನುಣುಪಾದ ಕಾಂಡಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಬಾತು ಅಡ್ಡಗೋಲು ಏರುವುದಿಲ್ಲ, ನೆಲದಲ್ಲೇ ಮಲಗುತ್ತದೆ. ಜಾಗ ಉಳಿಸಲು ಕೋಳಿಯ ಅಡ್ಡಗೋಲಿನ ಕೆಳಗೆ ಬಾತುಗಳನ್ನು ಮಲಗಿಸಿದರೆ ರಾತ್ರಿಯಿಡೀ ಅವುಗಳ ಬೆನ್ನ ಮೇಲೆ ಹಿಕ್ಕೆ ಬೀಳುತ್ತಿರುತ್ತದೆ. ಬಾತಿನ ಭಾಗಕ್ಕೆ ಭತ್ತದ ಹುಲ್ಲನ್ನು ದಪ್ಪವಾಗಿ ಹಾಸಿ ದಿನವೂ ಮೇಲೊಂದು ಪದರ ಒಣ ಹುಲ್ಲು ಹಾಕುತ್ತ ಹೋಗುವುದು ಸುಲಭದ ದಾರಿ. ಒರಟು ಸಿಮೆಂಟು ನೆಲವನ್ನು ಹಾಸಿಲ್ಲದೆ ಬಿಟ್ಟರೆ ಬಾತಿನ ಮೆತ್ತನೆಯ ಪಾದಕ್ಕೆ ಗಾಯವಾಗಿ ಕೀವು ಕಟ್ಟುತ್ತದೆ.

ಇನ್ನು ನೀರು. ಬಾತಿಗೆ ಈಜುವ ಕೆರೆ ಬೇಕಿಲ್ಲ, ಆದರೆ ತಲೆ ಮುಳುಗಿಸುವಷ್ಟು ಆಳದ ನೀರು ಬೇಕೇ ಬೇಕು. ಕಣ್ಣು ಮತ್ತು ಮೂಗಿನ ಹೊಳ್ಳೆಗಳನ್ನು ಅದು ನೀರಿನಲ್ಲೇ ತೊಳೆದುಕೊಳ್ಳುತ್ತದೆ. 6ರಿಂದ 8 ಅಂಗುಲ ಆಳದ ಅಗಲವಾದ ಬಾಂಡ್ಲಿ ಅಥವಾ ಕತ್ತರಿಸಿದ ಡ್ರಮ್ಮಿನ ತಳ ಸಾಕು. ಈ ತೊಟ್ಟಿಯನ್ನು ಇಡುವ ಜಾಗವೇ ಇಡೀ ವ್ಯವಸ್ಥೆಯ ಕೀಲಿ. ಗೂಡಿನಿಂದ ದೂರ, ಅಂಗಳದ ತಗ್ಗಿನ ಮೂಲೆಯಲ್ಲಿ 4 ಅಡಿ ಚೌಕದ ಗುಂಡಿಯನ್ನು ಒಂದೂವರೆ ಅಡಿ ಆಳಕ್ಕೆ ತೆಗೆದು, ದಪ್ಪ ಜಲ್ಲಿ ತುಂಬಿ, ಮೇಲೆ ಬಿದಿರಿನ ಅಥವಾ ಕಬ್ಬಿಣದ ಜಾಲರಿ ಮುಚ್ಚಿ, ಅದರ ಮೇಲೆ ತೊಟ್ಟಿ ಇಡಬೇಕು. ಚೆಲ್ಲಿದ ನೀರು ಜಲ್ಲಿಯೊಳಗೆ ಇಳಿದು, ಪಕ್ಕದ ಸಣ್ಣ ಕಾಲುವೆಯ ಮೂಲಕ ಬಾಳೆಯ ಬುಡಕ್ಕೆ ಹೋಗುವಂತೆ ಮಾಡಿದರೆ ಕೆಸರೂ ಇಲ್ಲ, ಸೊಳ್ಳೆಯೂ ಇಲ್ಲ; ಆ ಬಾಳೆಗೆ ಬೇರೆ ಗೊಬ್ಬರದ ಅಗತ್ಯವೂ ಬೀಳುವುದು ಕಡಿಮೆ. ತೊಟ್ಟಿಯ ನೀರನ್ನು ದಿನವೂ ಬದಲಿಸಬೇಕು, ಒಳಗೊಂದು ಚಪ್ಪಟೆ ಕಲ್ಲು ಇಡಬೇಕು. ಆಯತಪ್ಪಿ ಬಿದ್ದ ಕೋಳಿ ಪಿಳ್ಳೆ ಹತ್ತಿ ಬರಲು ಅದೊಂದೇ ದಾರಿ. ಕೋಳಿಗಳ ನೀರನ್ನು ಅವುಗಳ ಬೆನ್ನಿನ ಮಟ್ಟಕ್ಕೆ ತೂಗುಹಾಕಿದ ಪಾತ್ರೆಯಲ್ಲಿ, ಕೋಳಿಗಳ ಗೂಡಿನೊಳಗೇ ಕೊಡಬೇಕು.

ಹೀಗೆಂದು ಬಾತಿಗೆ ರಾತ್ರಿ ಗೂಡಿನೊಳಗೆ ಮೇವು ಇಟ್ಟು ನೀರು ಇಡದಿರುವುದು ತಪ್ಪು. ನೀರಿಲ್ಲದೆ ಒಣ ಹಿಟ್ಟು ತಿಂದ ಬಾತಿಗೆ ಗಂಟಲು ಕಟ್ಟುತ್ತದೆ. ರಾತ್ರಿ ಎರಡನ್ನೂ ಇಡದಿದ್ದರೆ ತೊಂದರೆಯಿಲ್ಲ. ಇಟ್ಟರೆ ಎರಡನ್ನೂ ಇಡಬೇಕು.

ಮರಿಗಳ ಮೊದಲ ತಿಂಗಳು

ಕೋಳಿ ಪಿಳ್ಳೆ ಮತ್ತು ಬಾತಿನ ಮರಿಗಳನ್ನು ಒಂದೇ ಬುಟ್ಟಿಯಲ್ಲಿ ಬೆಳೆಸುವುದು ನೋಡಲು ಚೆಂದ, ಆದರೆ ಮೊದಲ ನಾಲ್ಕು ವಾರ ಅವನ್ನು ಬೇರೆ ಬೇರೆ ಇಡಲೇಬೇಕು. ಬಾತಿನ ಮರಿ ಒಂದು ಗಂಟೆಯೊಳಗೆ ಇಡೀ ಹಾಸನ್ನು ಒದ್ದೆ ಮಾಡಿಬಿಡುತ್ತದೆ, ಪಿಳ್ಳೆಗಳು ನೆನೆದು ಶೀತಕ್ಕೆ ಸಾಯುತ್ತವೆ. ಮೊದಲ ವಾರ ಬಲ್ಬಿನ ಕೆಳಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ, ಆಮೇಲೆ ವಾರಕ್ಕೆ 2–3 ಡಿಗ್ರಿಯಂತೆ ಇಳಿಕೆ. ಥರ್ಮಾಮೀಟರಿಗಿಂತ ಮರಿಗಳ ನಡವಳಿಕೆಯೇ ಒಳ್ಳೆಯ ಅಳತೆ: ಬಲ್ಬಿನಡಿ ಗುಂಪುಗೂಡಿದರೆ ಚಳಿ, ಗೋಡೆಗೆ ಅಂಟಿ ಬಾಯಿ ತೆರೆದರೆ ಸೆಕೆ. ಬಾತಿನ ಮರಿಯ ನೀರಿನ ತಟ್ಟೆಯಲ್ಲಿ ಕೊಕ್ಕು ಮುಳುಗಬೇಕು, ಮೈ ಮುಳುಗಬಾರದು. ಅದಕ್ಕಾಗಿ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ಹಾಕಿಡುವುದು ವಾಡಿಕೆ.

ಬಾತಿಗೆ ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವ ಕೋಳಿಗಿಂತ ಹೆಚ್ಚು ಬೇಕು. ನಮ್ಮ ಕಡೆ ಮನೆಯಲ್ಲಿ ಮಾಡುವ ಮೇವಿನ ಮುಖ್ಯ ಧಾನ್ಯ ಮೆಕ್ಕೆಜೋಳ, ಅದರಲ್ಲಿರುವ ನಯಾಸಿನ್ ಹಕ್ಕಿಯ ಮೈಗೆ ಹತ್ತದ ರೂಪದಲ್ಲಿರುತ್ತದೆ. ಹೀಗಾಗಿ ಕೋಳಿಯ ಮೇವನ್ನೇ ತಿಂದ ಬಾತಿನ ಮರಿಗಳ ಕಾಲು ಎರಡು ಮೂರು ವಾರಗಳಲ್ಲಿ ಬಿಲ್ಲಿನಂತೆ ಬಾಗುತ್ತವೆ, ಮರಿ ನಡೆಯಲಾರದೆ ಕುಳಿತುಬಿಡುತ್ತದೆ. ಒಂದು ಕಿಲೋ ಮೇವಿಗೆ ಸುಮಾರು 50 ಗ್ರಾಂ ಬ್ರೂಯರ್ಸ್ ಯೀಸ್ಟ್ ಬೆರೆಸಿ ಕೊಟ್ಟರೆ ಇದನ್ನು ತಡೆಯಬಹುದು. ಬ್ರೆಡ್ಡು ಉಬ್ಬಿಸುವ ಯೀಸ್ಟ್ ಇದಕ್ಕೆ ಬದಲಿಯಲ್ಲ. ಅಂಗಡಿಯ ಪಿಳ್ಳೆ ಮೇವಿನಲ್ಲಿ ರಕ್ತಭೇದಿ ತಡೆಯುವ ಔಷಧಿ ಬೆರೆಸಿರುವುದುಂಟು. ಬಾತಿನ ಮರಿ ಪಿಳ್ಳೆಗಿಂತ ಹೆಚ್ಚು ತಿನ್ನುವುದರಿಂದ ಔಷಧಿಯ ಪ್ರಮಾಣವೂ ಮಿತಿ ಮೀರುತ್ತದೆ. ಚೀಲದ ಮೇಲಿನ ವಿವರ ಓದಿ, ಔಷಧಿಯಿಲ್ಲದ್ದನ್ನೇ ಕೊಳ್ಳಬೇಕು.

ಮೇವಿನ ಬೂಷ್ಟು

ಮಲೆನಾಡಿನಲ್ಲಿ ಬಾತು ಸಾಕುವವರಿಗೆ ಒಂದೇ ಒಂದು ಎಚ್ಚರಿಕೆ ಹೇಳಬೇಕಾಗಿ ಬಂದರೆ ನಾನು ಇದನ್ನೇ ಹೇಳುತ್ತೇನೆ. ತೇವದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ಮತ್ತು ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಸಾಕುಹಕ್ಕಿಗಳಲ್ಲಿ ಬಾತಿನ ಮರಿಗಳಷ್ಟು ಈ ವಿಷಕ್ಕೆ ಸುಲಭವಾಗಿ ತುತ್ತಾಗುವವು ಬೇರಿಲ್ಲ. ಅದೇ ಮೇವು ತಿಂದ ಕೋಳಿಗಳು ಓಡಾಡಿಕೊಂಡಿರುವಾಗ ಬಾತುಗಳು ಮಾತ್ರ ಸಾಲಾಗಿ ಸತ್ತರೆ ರೋಗವೆಂದು ಹೆದರುವ ಮುನ್ನ ಮೇವಿನ ಚೀಲವನ್ನು ಮೂಸಿ ನೋಡಬೇಕು. ಬೂಷ್ಟನ್ನು ಕೊಡವಿ, ತೊಳೆದು, ಬೇಯಿಸಿ ಕೊಟ್ಟರೂ ವಿಷ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರಕ್ಕೆ ಸಾಲುವಷ್ಟೇ ಮೇವು ಕೊಂಡು, ಚೀಲವನ್ನು ನೆಲದಿಂದ ಒಂದಡಿ ಮೇಲೆ ಹಲಗೆಯ ಮೇಲಿಟ್ಟು, ಸಾಧ್ಯವಾದರೆ ಒಲೆಯ ಅಟ್ಟದ ಬಳಿ ಇಡುವುದು ಉತ್ತಮ. ಆ ತಿಂಗಳುಗಳಲ್ಲಿ ಕಡಲೆಕಾಯಿ ಹಿಂಡಿಯನ್ನು ಬಾತಿಗೆ ಕೊಡದಿರುವುದೇ ಒಳ್ಳೆಯದು.

ಬೆಳೆದ ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ, ಬಾತಿಗೆ ಸುಮಾರು 150 ಗ್ರಾಂ ಮೇವು ಬೇಕು. ಹೊರಗೆ ಮೇಯಲು ಸಿಕ್ಕರೆ ಇದರಲ್ಲಿ ಸಾಕಷ್ಟು ಭಾಗ ಉಳಿಯುತ್ತದೆ. ನುಚ್ಚು, ತೌಡು, ರಾಗಿ, ಅಜೋಲಾ, ಸೊಪ್ಪು ಎಲ್ಲವೂ ಆಗುತ್ತವೆ. ಬಾತಿನ ಮೇವನ್ನು ನೀರಿನಲ್ಲಿ ಕಲಸಿ ಆಗಿನದಾಗಲೇ ಮುಗಿಯುವಷ್ಟು ಕೊಡಬೇಕು. ಕರಾವಳಿಯಿಂದ ಘಾಟಿ ಹತ್ತಿ ಬರುವ ಒಣಮೀನಿನ ಚೂರು ಒಳ್ಳೆಯ ಮೇವೇ, ಆದರೆ ಉಪ್ಪು ಹಾಕಿ ಒಣಗಿಸಿದ್ದು ಬೇಡ; ಹಕ್ಕಿಗಳಿಗೆ ಹೆಚ್ಚು ಉಪ್ಪು ವಿಷ. ಮೊಟ್ಟೆಯಿಡುವವುಗಳಿಗೆ ಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಟ್ಟರೆ ಬೇಕಾದಷ್ಟು ತಿನ್ನುತ್ತವೆ.

ದಿನಚರಿ

ಬೆಳಿಗ್ಗೆ ಕೋಳಿಗಳನ್ನು ಮೊದಲು ಬಿಡಬೇಕು, ಬಾತುಗಳನ್ನು 9 ಗಂಟೆಯ ನಂತರ. ಬಾತು ಬಹುಪಾಲು ನಸುಕಿನಲ್ಲೇ ಮೊಟ್ಟೆಯಿಡುತ್ತದೆ, ಗೂಡು ಹುಡುಕುವ ತಾಳ್ಮೆ ಅದಕ್ಕಿಲ್ಲ. ಬೇಗ ಬಿಟ್ಟರೆ ಗದ್ದೆಯ ಬದುವಿನಲ್ಲೋ ನೀರಿನಲ್ಲೋ ಉದುರಿಸಿ ಬರುತ್ತದೆ. ಸಂಜೆಯ ಕ್ರಮವೂ ಬೇರೆ. ಕತ್ತಲಾಗುತ್ತಿದ್ದಂತೆ ಕೋಳಿಗಳು ತಾವಾಗಿ ಗೂಡು ಸೇರುತ್ತವೆ. ಬಾತುಗಳು ಬರುವುದಿಲ್ಲ, ಕರೆತರಬೇಕು: ಉದ್ದ ಕೋಲು ಹಿಡಿದು ಹಿಂದಿನಿಂದ ನಿಧಾನವಾಗಿ ನಡೆದರೆ ಗುಂಪಾಗಿ ಮುಂದೆ ಸಾಗುತ್ತವೆ, ಬೆನ್ನಟ್ಟಿದರೆ ಚದುರುತ್ತವೆ. ಹಿಡಿಯಬೇಕಾಗಿ ಬಂದರೆ ಕೋಳಿಯಂತೆ ಕಾಲು ಹಿಡಿದು ಎತ್ತಬಾರದು. ಬಾತಿನ ಕಾಲು ಬಲಹೀನ, ಸುಲಭವಾಗಿ ಉಳುಕುತ್ತದೆ. ರೆಕ್ಕೆಗಳ ಸಮೇತ ಮೈಯನ್ನು ಎರಡೂ ಕೈಗಳಿಂದ ತಬ್ಬಿ ಎತ್ತಬೇಕು.

ಕೋಳಿಗಳಿಗೆ ಮಾಡಿನ ಅಡಿಯಲ್ಲೇ ಒಂದು ಪೆಟ್ಟಿಗೆ ತುಂಬ ಒಣಮಣ್ಣು ಮತ್ತು ಸೌದೆಯ ಬೂದಿ ಇಡಬೇಕು. ಮಳೆಗಾಲದಲ್ಲಿ ಧೂಳಿನ ಸ್ನಾನಕ್ಕೆ ಬೇರೆಲ್ಲೂ ಜಾಗ ಸಿಗದೆ ಹೇನು ಹೆಚ್ಚುತ್ತದೆ.

ಬಾತಿನ ಮೊಟ್ಟೆಗೆ ಹೇಂಟೆಯ ಕಾವು

ಖಾಕಿ ಕ್ಯಾಂಪ್‌ಬೆಲ್ ಕಾವಿಗೆ ಕೂರುವುದು ತೀರ ವಿರಳ. ನಾಟಿ ಹೇಂಟೆ ಗುಂಪಿನಲ್ಲಿರಬೇಕೆಂದು ಹೇಳಿದ್ದು ಇದಕ್ಕೇ. ದೊಡ್ಡ ಮೈಯ, ಕಾವಿನಲ್ಲಿ ಗಟ್ಟಿಯಾಗಿ ಕೂರುವ ಹೇಂಟೆಯನ್ನು ಆರಿಸಿ, ತನ್ನ ಮೊಟ್ಟೆಗಳನ್ನು 10–12 ಇಡುತ್ತಿದ್ದ ಕಡೆ ಬಾತಿನ ಮೊಟ್ಟೆಗಳನ್ನು 6–8 ಮಾತ್ರ ಇಡಬೇಕು. ಕೋಳಿ ಮೊಟ್ಟೆ 21 ದಿನಕ್ಕೆ ಒಡೆದರೆ ಬಾತಿನದು 28 ದಿನ ಹಿಡಿಯುತ್ತದೆ. ಎರಡನ್ನೂ ಒಟ್ಟಿಗಿಟ್ಟರೆ ಪಿಳ್ಳೆ ಹೊರಬಂದೊಡನೆ ಹೇಂಟೆ ಎದ್ದುಹೋಗಿ ಬಾತಿನ ಮೊಟ್ಟೆಗಳು ತಣ್ಣಗಾಗುತ್ತವೆ. ಒಂದು ವಾರ ಹೆಚ್ಚು ಕೂರಬೇಕಾದ್ದರಿಂದ ದಿನಕ್ಕೊಮ್ಮೆ ಎಬ್ಬಿಸಿ ಮೇವು, ನೀರು ಕೊಡುವುದನ್ನು ಮರೆಯಬಾರದು. ಒದ್ದೆ ಮೈಯಲ್ಲಿ ಬಂದು ಕೂರುವ ತಾಯಿ ಬಾತು ಕೊಡುವ ತೇವ ಹೇಂಟೆಯಿಂದ ಸಿಗುವುದಿಲ್ಲ. ಅರಸೀಕೆರೆಯಂತಹ ಒಣಹವೆಯಲ್ಲಿ ಕೊನೆಯ ವಾರ ಮೊಟ್ಟೆಗಳ ಮೇಲೆ ಉಗುರುಬೆಚ್ಚಗಿನ ನೀರನ್ನು ತುಸುವೇ ಚಿಮುಕಿಸಬೇಕು.

ಹೀಗೆ ಹುಟ್ಟಿದ ಮರಿಗಳು ನೀರು ಕಂಡೊಡನೆ ಇಳಿಯುತ್ತವೆ, ಸಾಕುತಾಯಿ ದಡದಲ್ಲಿ ಲೊಚಗುಟ್ಟುತ್ತ ಓಡಾಡುತ್ತಾಳೆ. ತಮಾಷೆಯಾಗಿ ಕಂಡರೂ ಇದರಲ್ಲಿ ಅಪಾಯವಿದೆ. ತಾಯಿ ಬಾತಿನ ಮೈಯ ಎಣ್ಣೆ ತಗುಲಿದ ಮರಿಯ ತುಪ್ಪುಳಕ್ಕೆ ನೀರು ಹಿಡಿಯುವುದಿಲ್ಲ, ಹೇಂಟೆ ಸಾಕಿದ ಮರಿಯದು ನೆನೆದು ಒದ್ದೆಯಾಗುತ್ತದೆ. ಪೂರ್ತಿ ಪುಕ್ಕ ಬರುವವರೆಗೆ, ಅಂದರೆ 7–8 ವಾರ, ಕಾವಲಿಲ್ಲದೆ ನೀರಿಗೆ ಬಿಡಬಾರದು.

ತೋಟ, ಗದ್ದೆ ಮತ್ತು ಕಾಡಿನ ಅಪಾಯಗಳು

ಬಾತು ಗೊಂಡೆಹುಳು ಮತ್ತು ಸಣ್ಣ ಬಸವನಹುಳುಗಳನ್ನು ಹುಡುಕಿ ತಿನ್ನುತ್ತದೆ, ಹಾಗಾಗಿ ತರಕಾರಿ ಮಡಿ ಮತ್ತು ತೋಟಕ್ಕೆ ಉಪಕಾರಿ. ಆದರೆ ಬಸವನಹುಳುವಿಗೆ ಮೆಟಾಲ್ಡಿಹೈಡ್ ಗುಳಿಗೆ ಹಾಕಿದ ತೋಟಕ್ಕೆ ಬಾತು ಬಿಟ್ಟರೆ ಗುಳಿಗೆಯನ್ನೂ, ಸತ್ತ ಹುಳುವನ್ನೂ ತಿಂದು ಸಾಯುತ್ತದೆ. ಮುಂಗಾರಿಗೆ ಮೊದಲು ಕಾಫಿಗೆ ಬೋರ್ಡೋ ದ್ರಾವಣ ಹೊಡೆಯುವಾಗ, ಭತ್ತದ ಸಸಿಮಡಿಗೆ ಹರಳು ಕೀಟನಾಶಕ ಹಾಕಿದಾಗ ಹಕ್ಕಿಗಳನ್ನು ಕೂಡಿಹಾಕಬೇಕು. ನೆರೆಯವರ ಸಿಂಪಡಣೆಯ ದಿನವನ್ನೂ ಕೇಳಿಟ್ಟುಕೊಂಡಿರಬೇಕು.

ಮುಂಗುಸಿ, ಕಾಡುಬೆಕ್ಕು, ಪುನುಗುಬೆಕ್ಕು, ಹೆಗ್ಗಣ, ಹೆಬ್ಬಾವು, ಬೀದಿನಾಯಿ, ಹಗಲಿನಲ್ಲಿ ಗಿಡುಗ: ಶತ್ರುಗಳ ಪಟ್ಟಿ ಉದ್ದವಿದೆ. ಮಾರುಕಟ್ಟೆಯಲ್ಲಿ ಕೋಳಿ ಜಾಲರಿ ಎಂದು ಸಿಗುವ ತೆಳು ಷಟ್ಕೋನದ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಕಾಡುಬೆಕ್ಕನ್ನು ಹೊರಗಿಡುವುದಿಲ್ಲ. ಅರ್ಧ ಅಂಗುಲ ಕಣ್ಣಿನ ಬೆಸೆದ ಜಾಲರಿ ಹಾಕಿ, ಅದನ್ನು ಒಂದಡಿ ನೆಲದೊಳಗೆ ಹೂಳಬೇಕು. ನೆಲದಲ್ಲೇ ಮಲಗುವ ಬಾತಿಗೆ ತಪ್ಪಿಸಿಕೊಳ್ಳಲು ಅಡ್ಡಗೋಲೂ ಇಲ್ಲ. ಬಾತಿನ ಕಡೆಯ ಕಾವಲು ಬಿಗಿಯಾಗಿರಲಿ.

ರೋಗ ಮತ್ತು ಲಸಿಕೆ

ಕೋಳಿಗಳಿಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸುವಂತಿಲ್ಲ: 5ರಿಂದ 7ನೆಯ ದಿನ ಕಣ್ಣಿಗೆ ಹನಿ, ನಾಲ್ಕನೆಯ ವಾರ ಮತ್ತೊಮ್ಮೆ, ಎಂಟನೆಯ ವಾರ ಆರ್‌2ಬಿ ಚುಚ್ಚುಮದ್ದು. ಲಸಿಕೆಯ ಸೀಸೆಯಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು ಹಕ್ಕಿಗಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ಬೆಳಿಗ್ಗೆ ಹಾಕಿಸುವುದು ಜಾಣತನ. ಬಾತುಗಳಿಗೆ ಬಾತು ಪ್ಲೇಗ್ ಮತ್ತು ಪಾಶ್ಚುರೆಲ್ಲಾ (ಬಾತಿನ ಕಾಲರಾ) ಲಸಿಕೆಗಳಿವೆ. ಯಾವಾಗ ಎಂಬುದನ್ನು ಪಶುವೈದ್ಯರಿಂದ ತಿಳಿಯಬೇಕು. ಕಂದಲಿ ಮತ್ತು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಗಳು, ಹಾಸನದ ಪಶುವೈದ್ಯಕೀಯ ಕಾಲೇಜು ಹತ್ತಿರದಲ್ಲಿವೆ. 1962 ಪಶುವೈದ್ಯಕೀಯ ಸಹಾಯವಾಣಿಯ ಸಂಖ್ಯೆ.

ಬೇಸಿಗೆಯಲ್ಲಿ ಕೊಳೆತ ಎಲೆ ತುಂಬಿದ ಹೊಂಡಕ್ಕೆ ಇಳಿದ ಬಾತುಗಳ ಕತ್ತು ಜೋತುಬಿದ್ದರೆ ಅದು ಬಾಟುಲಿಸಂ ಎಂಬ ವಿಷಬಾಧೆ ಇರಬಹುದು. ಉಳಿದವನ್ನು ತಕ್ಷಣ ಆ ನೀರಿನಿಂದ ದೂರ ಮಾಡಬೇಕು. ಹಕ್ಕಿಜ್ವರದ ವಿಷಯದಲ್ಲಿ ಬಾತಿನ ಜೊತೆಗಿನ ಸಾಕಣೆಗೆ ವಿಶೇಷ ಎಚ್ಚರ ಬೇಕು, ಏಕೆಂದರೆ ಬಾತು ರೋಗಲಕ್ಷಣ ತೋರದೆಯೂ ವೈರಸ್ಸನ್ನು ಹೊತ್ತಿರಬಲ್ಲದು, ಕೋಳಿ ಅದರಿಂದ ಸಾಯುತ್ತದೆ. 2012ರಲ್ಲಿ ಹೆಸರಘಟ್ಟದ ಸಂಸ್ಥೆಯಲ್ಲೇ ಈ ಜ್ವರ ಕಾಣಿಸಿಕೊಂಡು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಚಳಿಗಾಲದಲ್ಲಿ ಹೇಮಾವತಿಯ ಹಿನ್ನೀರು, ಅಯ್ಯನಕೆರೆ ಮುಂತಾದ ದೊಡ್ಡ ಜಲಾಶಯಗಳಿಗೆ ವಲಸೆ ಹಕ್ಕಿಗಳು ಬರುವಾಗ ಸಾಕಿದ ಬಾತುಗಳನ್ನು ಅಲ್ಲಿಗೆ ಬಿಡದಿರುವುದು, ಹೊಸದಾಗಿ ತಂದ ಹಕ್ಕಿಗಳನ್ನು ಮೂರು ವಾರ ಪ್ರತ್ಯೇಕ ಇಡುವುದು, ಒಮ್ಮೆಲೆ ಹಲವು ಸತ್ತರೆ ಹೂತು ಸುಮ್ಮನಾಗದೆ ಪಶು ಆಸ್ಪತ್ರೆಗೆ ತಿಳಿಸುವುದು, ಈ ಮೂರೂ ಕಡ್ಡಾಯ.

ಮೊಟ್ಟೆಯ ಮಾರಾಟ

ಸುಮಾರು 70 ಗ್ರಾಂ ತೂಗುವ ಬಾತಿನ ಮೊಟ್ಟೆ ನಾಟಿ ಕೋಳಿ ಮೊಟ್ಟೆಗಿಂತ ಬಹಳ ದೊಡ್ಡದಾದರೂ ನಮ್ಮ ಊರುಗಳ ಅಂಗಡಿಯಲ್ಲಿ ತಾನಾಗಿ ಖರ್ಚಾಗುವ ಸರಕಲ್ಲ. ತಿಂದು ಅಭ್ಯಾಸವಿರುವ ಕರಾವಳಿ ಮತ್ತು ಕೇರಳ ಮೂಲದ ಮನೆಗಳನ್ನು, ಕೇಕು ಮಾಡುವವರನ್ನು ಮೊದಲೇ ಗೊತ್ತುಮಾಡಿಕೊಂಡು ಬಾತುಗಳ ಸಂಖ್ಯೆ ಹೆಚ್ಚಿಸಬೇಕು. ಹಾಸು ಕೊಳೆಯಾಗಿದ್ದರೆ ಮೊಟ್ಟೆಯೂ ಕೊಳೆಯಾಗುತ್ತದೆ. ಕೊಳೆ ಮೊಟ್ಟೆಯನ್ನು ತಣ್ಣೀರಿನಲ್ಲಿ ನೆನೆಹಾಕಿದರೆ ರೋಗಾಣು ಚಿಪ್ಪಿನೊಳಗೆ ಸೇರುತ್ತದೆ. ಒಣಬಟ್ಟೆಯಿಂದ ಒರೆಸಿ, ತೀರ ಕೊಳೆಯಾದದ್ದನ್ನು ಮಾರದೆ ಮನೆಯಲ್ಲೇ ಆ ದಿನ ಚೆನ್ನಾಗಿ ಬೇಯಿಸಿ ಬಳಸಿಕೊಳ್ಳಬೇಕು. ಹೆಚ್ಚಾದ ಗಂಡು ಬಾತುಗಳನ್ನು ಪ್ರಾಯಕ್ಕೆ ಬರುವ ಮೊದಲೇ ಮಾಂಸಕ್ಕೆ ವಿಲೇವಾರಿ ಮಾಡುವುದು ಸೂಕ್ತ. ಗಂಡು ಹೆಣ್ಣು ಗುರುತಿಸಲು ದನಿ ಕೇಳಿದರೆ ಸಾಕು: ಎರಡು ತಿಂಗಳು ದಾಟಿದ ಹೆಣ್ಣು ಬಾತು ಜೋರಾಗಿ ಕ್ವಾಕ್ ಎನ್ನುತ್ತದೆ, ಗಂಡಿನ ದನಿ ಗೊಗ್ಗರು.